ಎರಡು ನುಡಿಗಳ ನಡುವೆ ಬೆಳೆದ ಹುಡುಗ

“ಕನ್ನಡ ಕಲಿತು ಮುಂದೇನು?” ಪ್ರತಿ ಜೂನ್ ತಿಂಗಳಲ್ಲೂ ಗಡಿನಾಡಿನ ಶಾಲೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಇದನ್ನು ಕೇಳಿದಾಗಲೆಲ್ಲ ನನಗೆ ದೂರದ ಕಿರ್ಗಿಜ್ ನಾಡಿನ ಸಾಹಿತಿ ಚಿಂಗೀಜ್ ಐತ್ಮಾತೊವ್ ಅವರ ನೆನಪಾಗುತ್ತದೆ.

ಅವರು ಹುಟ್ಟಿದ್ದು 1928ರಲ್ಲಿ, ತಲಾಸ್ ಕಣಿವೆಯ ಶೇಕೆರ್ ಎಂಬ ಹಳ್ಳಿಯಲ್ಲಿ. ಮನೆಮಾತು ಕಿರ್ಗಿಜ್, ಆಡಳಿತದ ಮಾತು ರಷ್ಯನ್. ಐದು ವರ್ಷದ ಬಾಲಕನಾಗಿದ್ದಾಗ ಹುಲ್ಲುಗಾವಲಿನಲ್ಲಿ ಒಂದು ಬೆಲೆಬಾಳುವ ಕುದುರೆ ಸತ್ತಿತು. ವಿಚಾರಿಸಲು ಬಂದ ರಷ್ಯನ್ನನ ಮಾತು ಕುದುರೆ ಕಾಯುವವರಿಗೆ ತಿಳಿಯದು. ಇವರ ಮಾತು ಆತನಿಗೆ ತಿಳಿಯದು. ಅಜ್ಜಿ ಮೊಮ್ಮಗನನ್ನು ಮುಂದೆ ನೂಕಿದಳು. ಕುದುರೆ ವಿಷದ ಹುಲ್ಲು ತಿಂದು ಸತ್ತಿತೆಂದು ಹುಡುಗ ವಿವರಿಸಿದ. ಮುಂದೆ ಅನುವಾದಕರಾದವರ ಮೊದಲ ಅನುವಾದ ಅದೇ!

ಬಾಳು ಸುಲಭವಾಗಿರಲಿಲ್ಲ. 1937ರಲ್ಲಿ ತಂದೆಯ ಬಂಧನವಾಯಿತು. ಮರುವರ್ಷ ಗುಂಡಿಟ್ಟು ಕೊಂದರು. ಯುದ್ಧಕಾಲದಲ್ಲಿ ಗಂಡಸರೆಲ್ಲ ರಣರಂಗಕ್ಕೆ ಹೋದಾಗ ಹದಿನಾಲ್ಕರ ಹುಡುಗನೇ ಹಳ್ಳಿಯ ಆಡಳಿತ ಸಮಿತಿಯ ಕಾರ್ಯದರ್ಶಿಯಾದ. ಮುಂದೆ ಓದಿದ್ದು ಪಶುವೈದ್ಯ. ಕೀರ್ತಿ ತಂದದ್ದು 1958ರ ‘ಜಮೀಲಾ’ ಎಂಬ ಕಥೆ. ಫ್ರೆಂಚ್ ಕವಿ ಲೂಯಿ ಅರಗಾನ್ ಅದನ್ನು ತಮ್ಮ ಭಾಷೆಗೆ ತಂದರು. ಐತ್ಮಾತೊವ್ ಕಿರ್ಗಿಜ್‌ನಲ್ಲೂ ರಷ್ಯನ್‌ನಲ್ಲೂ ಬರೆದರು. ತಮ್ಮ ಕೃತಿಗಳನ್ನು ತಾವೇ ಅನುವಾದಿಸಿದ್ದೂ ಉಂಟು.

1980ರ ಅವರ ಕಾದಂಬರಿಯಲ್ಲಿ ‘ಮನ್‌ಕುರ್ತ್’ ಎಂಬ ಗುಲಾಮನ ಕಥೆ ಬರುತ್ತದೆ. ಸೆರೆಯಾಳಿನ ಬೋಳಿಸಿದ ತಲೆಗೆ ಒಂಟೆಯ ಹಸಿ ಚರ್ಮ ಬಿಗಿದು ಬಿಸಿಲಿಗೆ ಬಿಡುತ್ತಾರೆ. ಚರ್ಮ ಒಣಗಿ ಬಿಗಿಯಾದಂತೆ ಆತನ ನೆನಪೆಲ್ಲ ಅಳಿಯುತ್ತದೆ. ಹುಡುಕಿ ಬಂದ ತಾಯಿಯನ್ನೂ ಗುರುತಿಸದೆ ಬಾಣ ಬಿಟ್ಟು ಕೊಲ್ಲುತ್ತಾನೆ.

ಪಾಲಕರು ಈ ಕಥೆಯನ್ನೊಮ್ಮೆ ಯೋಚಿಸಬೇಕು. ರಷ್ಯನ್ ಭಾಷೆ ಐತ್ಮಾತೊವ್ ಅವರನ್ನು ಜಗತ್ತಿಗೆ ಪರಿಚಯಿಸಿತು, ನಿಜ. ಆದರೆ ಆ ದೋಣಿಯಲ್ಲಿ ತುಂಬಿದ ಸರಕು ಅಜ್ಜಿ ಹೇಳಿದ ಕಥೆ, ಹಳ್ಳಿಯ ಹಾಡು, ಹುಲ್ಲುಗಾವಲಿನ ಕುದುರೆ. ಸರಕಿಲ್ಲದ ದೋಣಿಯಿಂದ ಏನು ಲಾಭ?

ಕಾಸರಗೋಡಿನ ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಪೇಟೆಯಲ್ಲಿ ಮಲೆಯಾಳದಲ್ಲಿ ವ್ಯವಹರಿಸುತ್ತಾರೆ. ಕಚೇರಿಯಲ್ಲಿ ಅಜ್ಜನ ಅಹವಾಲನ್ನು ಗುಮಾಸ್ತರಿಗೆ ತಿಳಿಸುವವರೂ ಅವರೇ. ಇದು ಹೊರೆಯಲ್ಲ, ಸಂಪತ್ತು. ಮಲೆಯಾಳವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಆದರೆ ಅದಕ್ಕಾಗಿ ಕನ್ನಡವನ್ನು ಬಿಡಿಸಬೇಕೆಂಬ ವಾದವನ್ನು ನಾನು ಒಪ್ಪಲಾರೆ.

ತಂದೆಯ ಅವಶೇಷ ಸಿಕ್ಕಿದ್ದು 1991ರಲ್ಲಿ, ಅನೇಕರನ್ನು ಒಟ್ಟಿಗೆ ಹೂತ ಗುಂಡಿಯಲ್ಲಿ. 2008ರಲ್ಲಿ ಐತ್ಮಾತೊವ್ ಜರ್ಮನಿಯಲ್ಲಿ ತೀರಿಕೊಂಡಾಗ ಅವರನ್ನು ತಂದು ಮಣ್ಣು ಮಾಡಿದ್ದೂ ಆ ಸ್ಥಳದಲ್ಲೇ. ಜಗತ್ತನ್ನೆಲ್ಲ ಸುತ್ತಿದವರಿಗೂ ಮನೆಯ ದಾರಿ ಮರೆತಿರಲಿಲ್ಲ. ವಿದ್ಯಾರ್ಥಿ ಮಿತ್ರರೇ, ನಮಗೂ ಮರೆಯದಿರಲಿ.