ಮಂತ್ರದ ಮನೆ ಹತ್ತಿರ, ಆಸ್ಪತ್ರೆ ದೂರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಒಳಹಳ್ಳಿಗಳಲ್ಲಿ ಹಾವು ಕಚ್ಚಿದವನನ್ನು ಇಂದಿಗೂ ಮೊದಲು ಮಂತ್ರ ಬಲ್ಲವರ ಮನೆಗೆ ಒಯ್ಯುವುದುಂಟು. ಇದನ್ನು ಬರಿಯ ಅಜ್ಞಾನವೆಂದು ಪಟ್ಟಣದಲ್ಲಿ ಕುಳಿತು ಜರೆಯುವುದು ಸುಲಭ. ಹಳ್ಳ ತುಂಬಿದ ಆಷಾಢದ ನಡುರಾತ್ರಿಯಲ್ಲಿ, ಕಾಡಿನೊಳಗಿನ ಸಿದ್ದಿ, ಗೌಳಿ, ಕುಣಬಿಗಳ ಕೇರಿಗೆ ವಾಹನ ಬರುವುದೆಲ್ಲಿಂದ? ಮಂತ್ರದವನಾದರೋ ಕರೆದೊಡನೆ ಬಾಗಿಲು ತೆರೆಯುತ್ತಾನೆ.

ಅವನ ಕೀರ್ತಿಗೆ ಕಾರಣವೂ ಇದೆ. ಕೇರೆಹಾವಿಗೆ ವಿಷವಿಲ್ಲ, ನಾಗರವೂ ಕಚ್ಚಿದಾಗಲೆಲ್ಲ ವಿಷವಿಳಿಸುವುದಿಲ್ಲ. ಬದುಕಬೇಕಾದವರೇ ಬದುಕಿದರೂ ಗೆಲವು ಮಂತ್ರದ್ದಾಗುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಹಲವು ವೇಳೆ ನೋವೂ ಇಲ್ಲ, ಗುರುತೂ ಕಾಣದು. ಬೆಳಗಾಗುವಷ್ಟರಲ್ಲಿ ರೆಪ್ಪೆ ಜೋಲಿ ಉಸಿರು ಕಟ್ಟುತ್ತದೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಕೇಡನ್ನೇ ಹೆಚ್ಚಿಸುತ್ತವೆ. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ದು ಪ್ರತಿವಿಷ ಕೊಡಿಸುವುದೊಂದೇ ದಾರಿ. ಅದಕ್ಕೂ ಮಿತಿಯುಂಟು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ 4 ಹಾವುಗಳಿಗಾಗಿ ಸಿದ್ಧವಾದ ಆ ಮದ್ದು ಮಲೆನಾಡಿನ ಗುಳಿಮಂಡಲಗಳಿಗೆ ನಾಟುವುದಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿತು. ಒಳ್ಳೆಯದೇ. ಆದರೆ ಮಂತ್ರದವನ ಜಗಲಿಯಲ್ಲೇ ಪ್ರಾಣ ಬಿಟ್ಟವನು ಯಾವ ಲೆಕ್ಕಕ್ಕೆ ಬರುತ್ತಾನೆ? 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹೀಗೆ ಸತ್ತರೆಂಬ ಅಂದಾಜು ದೊರೆತದ್ದು ಮನೆಮನೆಯ ವಿಚಾರಣೆಯಿಂದ, ಆಸ್ಪತ್ರೆಯ ಪುಸ್ತಕದಿಂದಲ್ಲ.

ಮಂತ್ರದವನನ್ನು ಹೀಯಾಳಿಸುವುದಕ್ಕಿಂತ ಜೊತೆಗೆ ಕರೆಯುವುದು ಲೇಸು. ಅವನು ಮಂತ್ರ ಹೇಳಲಿ, ಆದರೆ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಕುಳಿತು ಹೇಳಲಿ. ಈ ಮಾತನ್ನು ಅವನಿಗೆ ತಿಳಿಸಬಲ್ಲವರು ಊರಿನ ಶಾಲೆಯ ಗುರುಗಳು. ಮಳೆಗಾಲದ ರಾತ್ರಿಗಳಲ್ಲಿ ಆ ಜೀಪಿನ ಬಾಡಿಗೆಯನ್ನು ಉಳ್ಳವರು ಹೊರಬಹುದು.