ಮಗಳ ಓದು ನಿಲ್ಲಿಸುವ ಮುನ್ನ

2023ರ ಜನವರಿ 2ರಂದು ಬೆಂಗಳೂರಿನ ರಾಜಾನುಕುಂಟೆ ಸಮೀಪದ ಪ್ರೆಸಿಡೆನ್ಸಿ ವಿಶ್ವವಿದ್ಯಾಲಯದ ಆವರಣದಲ್ಲಿ ವಿದ್ಯಾರ್ಥಿನಿಯೋರ್ವಳು ಇರಿತಕ್ಕೆ ಬಲಿಯಾದಳು. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲಿ ಎಂಸಿಎ ವಿದ್ಯಾರ್ಥಿನಿಯೋರ್ವಳು ಅದೇ ರೀತಿ ಹತಳಾದಳು. ಎರಡರಲ್ಲೂ ಆರೋಪಿ ಆಕೆಗೆ ಪರಿಚಿತನಾದ ಯುವಕ. ಎರಡರಲ್ಲೂ ಕೇಳಿಬಂದ ಕಾರಣ, ಆಕೆ ‘ಬೇಡ’ ಎಂದದ್ದು. ಆದರೆ ಹುಬ್ಬಳ್ಳಿಯ ಆರೋಪಿ ಮುಸ್ಲಿಮನಾದುದರಿಂದ, ಲೋಕಸಭಾ ಚುನಾವಣೆಯ ಆ ದಿನಗಳಲ್ಲಿ, ಅದನ್ನು ‘ಲವ್ ಜಿಹಾದ್’ ಎಂದು ಕೂಗಲಾಯಿತು. ಕ್ರೌರ್ಯಕ್ಕೆ ಧರ್ಮದ ಹೆಸರಿಟ್ಟಲ್ಲಿ ಕ್ರೌರ್ಯದ ಮೂಲ ಮರೆಯಾಗುತ್ತದೆ.

ಆಗ ಧಾರವಾಡದ ಮುಸ್ಲಿಮರು ಅಂಗಡಿ ಮುಚ್ಚಿ, ಬೀದಿಗಿಳಿದು, ಹತಳಾದವಳಿಗೆ ನ್ಯಾಯ ಕೇಳಿದರು. ಅದು ಶ್ಲಾಘನೀಯ. ಆದರೆ ಖಂಡನೆಯೊಂದಿಗೆ ನಮ್ಮ ಹೊಣೆ ಮುಗಿಯಿತೇ?

ಪೆರೇಸಂದ್ರದಂತಹ ಊರುಗಳಿಂದ ಚಿಕ್ಕಬಳ್ಳಾಪುರದ, ಬೆಂಗಳೂರಿನ ಕಾಲೇಜುಗಳಿಗೆ ಬಸ್ಸು ಹತ್ತುವ ನಮ್ಮ ಹೆಣ್ಣುಮಕ್ಕಳನ್ನು ನೆನೆಯೋಣ. ‘ಅಮ್ಮೀ, ಒಬ್ಬ ಹುಡುಗ ದಿನವೂ ಹಿಂದೆ ಬರುತ್ತಾನೆ’ ಎಂದು ಮಗಳು ಹೇಳಿದರೆ ಮನೆಯ ತೀರ್ಪು ಏನು? ‘ನಾಳೆಯಿಂದ ಕಾಲೇಜು ಬೇಡ.’ ಮರುತಿಂಗಳು ನಿಕಾಹ್. ಹಿಂಬಾಲಿಸಿದವನ ಓದು ಮುಂದುವರಿಯುತ್ತದೆ, ಆಕೆಯದ್ದು ನಿಲ್ಲುತ್ತದೆ. ಇದನ್ನು ಬಲ್ಲ ತಂಗಿ ಬಾಯಿ ಬಿಡುವುದಿಲ್ಲ. ಆ ಮೌನವೇ ಪೀಡಕನ ಬಲ.

ಕಾನೂನು ಆಕೆಯ ಪರವಾಗಿದೆ. 2013ರ ಕಾಯ್ದೆ ಹಾಗೂ ಯುಜಿಸಿಯ 2015ರ ನಿಯಮಗಳಂತೆ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ದೂರು ಕೊಡಬೇಕು. ಸಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶವುಂಟು. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ದೂರುದಾರಳ ಹೆಸರು ಗೋಪ್ಯವಾಗಿರಬೇಕು. ಹೆಣ್ಣನ್ನು ಹಿಂಬಾಲಿಸಿ ಪೀಡಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. 112 ಮತ್ತು 181 ಸಹಾಯವಾಣಿಗಳಿವೆ. ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವಿಗೆ ‘ಸಖಿ’ ಕೇಂದ್ರಗಳಿವೆ. ಪ್ರವೇಶದ ದಿನ ಶುಲ್ಕ, ಬಸ್ ಪಾಸು ವಿಚಾರಿಸುವ ನಾವು, ಆ ಸಮಿತಿಯಲ್ಲಿ ಯಾರಿದ್ದಾರೆಂದು ಎಂದಾದರೂ ಕೇಳಿದ್ದೇವೆಯೇ?

ಇನ್ನು ಗಂಡುಮಕ್ಕಳು. ಹೆಣ್ಣಿನ ಸಮ್ಮತಿಯಿಲ್ಲದೆ ಆಕೆಯ ನಿಕಾಹ್ ಮಾಡಿಸಬಾರದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಆ ಪಾಠ ಕಲಿತ ಮನೆಯ ಹುಡುಗನಿಗೆ ‘ಬೇಡ’ ಎಂಬ ಮಾತಿನ ಅರ್ಥ ತಿಳಿಯದಿದ್ದರೆ ದೋಷ ಯಾರದು? ಮಗಳಿಗೆ ಹತ್ತು ನಿರ್ಬಂಧ ಹೇರುವ ನಾವು, ಮಗನ ಮೊಬೈಲು, ಗೆಳೆತನ, ಸಿಟ್ಟುಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಜುಮಾ ಪ್ರವಚನಗಳಲ್ಲಿ ಹೆಣ್ಣಿನ ಉಡುಪಿನಷ್ಟೇ ಗಂಡಿನ ಸಂಯಮವೂ ಚರ್ಚೆಯಾಗಲಿ.

ಮಗಳು ದೂರು ತಂದ ದಿನ ಆಕೆಯ ಪುಸ್ತಕ ಕಿತ್ತುಕೊಳ್ಳಬೇಡಿ. ಆಕೆಯ ಜೊತೆ ಕಾಲೇಜಿಗೆ ಹೋಗಿ.