ಹಳೆಯ ವೀಡಿಯೋ ತಟ್ಟೆಗಳ ಉದ್ಧಾರ

ಮುಂಬಯಿ, ಪುಣೆ ಮೊದಲಾದ ನಗರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಇಂದು ಒಂದು ಸಂಪತ್ತು ಸದ್ದಿಲ್ಲದೆ ನಶಿಸುತ್ತಿದೆ. ಕಪಾಟಿನ ಮೇಲಂತಸ್ತಿನಲ್ಲಿ, ಮದುವೆಯ ಆಲ್ಬಮ್ಮಿನ ಪಕ್ಕದಲ್ಲಿ ಧೂಳು ಹಿಡಿದು ಕುಳಿತಿರುವ ವೀಡಿಯೋ ಸಿ.ಡಿ.ಗಳೇ ಆ ಸಂಪತ್ತು. ಮಗಳ ಮದುವೆ, ಮೊಮ್ಮಗನ ಉಪನಯನ, ಊರಿನ ಮನೆಯ ಗೃಹಪ್ರವೇಶ, ಸಂಘದ ವಾರ್ಷಿಕೋತ್ಸವದ ನಾಟಕ, ಊರಿನಿಂದ ಬಂದ ಮೇಳದ ಯಕ್ಷಗಾನ ಇವೆಲ್ಲ ಆ ತಟ್ಟೆಗಳಲ್ಲಿ ಅಡಗಿವೆ. ಅವುಗಳಲ್ಲಿ ಕಾಣುವ ಹಿರಿಯರಲ್ಲಿ ಅನೇಕರು ಇಂದು ನಮ್ಮೊಂದಿಗಿಲ್ಲ. ಅವರ ನಡೆನುಡಿಗಳನ್ನು, ಅವರು ಆಡುತ್ತಿದ್ದ ಊರುಗನ್ನಡದ ಧಾಟಿಯನ್ನು ಪರಸ್ಥಳದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತಲುಪಿಸಲು ಈ ತಟ್ಟೆಗಳ ಹೊರತು ಬೇರೆ ಸಾಧನವಿಲ್ಲದ ಮನೆಗಳು ಎಷ್ಟೋ ಇವೆ. ಆದುದರಿಂದ ಇವನ್ನು ಡಿ.ವಿ.ಡಿ.ಗೆ ಪರಿವರ್ತಿಸಿ ಉಳಿಸಿಕೊಳ್ಳುವ ಕಾರ್ಯವನ್ನು ಇನ್ನು ಮುಂದೂಡುವುದು ತರವಲ್ಲವೆಂದು ನಾವು ಭಾವಿಸುತ್ತೇವೆ.

ವೀಡಿಯೋ ಸಿ.ಡಿ.ಯ ನಿಯಮಾವಳಿಯನ್ನು ಫಿಲಿಪ್ಸ್, ಸೋನಿ, ಮಾತ್ಸುಶಿಟಾ ಮತ್ತು ಜೆ.ವಿ.ಸಿ. ಕಂಪೆನಿಗಳು 1993ರಲ್ಲಿ ರೂಪಿಸಿದವು. ಪಾಶ್ಚಾತ್ಯ ದೇಶಗಳಲ್ಲಿ ಅದಕ್ಕೆ ಅಷ್ಟಾಗಿ ಮನ್ನಣೆ ದೊರೆಯಲಿಲ್ಲ. ಏಷ್ಯಾಖಂಡದಲ್ಲಿ ಮಾತ್ರ ಅದು ಮನೆಮನೆಯನ್ನು ಹೊಕ್ಕಿತು. ಡಿ.ವಿ.ಡಿ. 1996ರಲ್ಲಿಯೇ ಜಪಾನಿನ ಮಾರುಕಟ್ಟೆಗೆ ಬಂದಿದ್ದರೂ ನಮ್ಮ ಮಧ್ಯಮ ವರ್ಗದವರು ಬಹುಕಾಲ ಅಗ್ಗದ ವೀಡಿಯೋ ಸಿ.ಡಿ.ಯನ್ನೇ ಅವಲಂಬಿಸಿದರು. ಅನೇಕರು ಹಳೆಯ ವೀಡಿಯೋ ಕ್ಯಾಸೆಟ್ಟುಗಳನ್ನು ಈ ತಟ್ಟೆಗಳಿಗೆ ಇಳಿಸಿಕೊಂಡು, ಮೂಲ ಕ್ಯಾಸೆಟ್ಟನ್ನು ಎಸೆದೂ ಬಿಟ್ಟರು. ಕ್ಯಾಸೆಟ್ಟು ಉಳಿದಿದ್ದರೂ ಅದನ್ನು ಓಡಿಸುವ ಯಂತ್ರವಿಲ್ಲ; ಜಪಾನಿನ ಫುನಾಯಿ ಕಂಪೆನಿಯು 2016ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. ಹೀಗೆ, ಎಷ್ಟೋ ಕುಟುಂಬಗಳ ಪಾಲಿಗೆ ನಕಲೇ ಇಂದು ಅಸಲಾಗಿ ಉಳಿದಿದೆ.

ಆ ತಟ್ಟೆಯಾದರೋ ಚಿರಂಜೀವಿಯಲ್ಲ. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಸಿ.ಡಿ.ಯಲ್ಲಿ ಚಿತ್ರವು ಬಣ್ಣದ ಒಂದು ತೆಳು ಲೇಪದಲ್ಲಿ ನಿಂತಿರುತ್ತದೆ. ಬಿಸಿಲು, ಸೆಕೆ, ಮುಂಬಯಿಯ ಮಳೆಗಾಲದ ತೇವ ಇವು ಆ ಲೇಪಕ್ಕೆ ಶತ್ರುಗಳು. ಈ ಲೇಪವಿರುವುದು ಹೊಳೆಯುವ ಕೆಳಮೈಯ ಬಳಿಯಲ್ಲಲ್ಲ, ಹೆಸರು ಬರೆಯುವ ಮೇಲ್ಮೈಯ ಕೆಳಗೇ ಎಂಬುದನ್ನು ಬಹುಜನ ಅರಿಯರು. ಅಲ್ಲಿ ಬಾಲ್‌ಪೆನ್ನಿನಿಂದ ಬರೆದರೂ, ಅಂಟಿಸಿದ ಕಾಗದವನ್ನು ಕಿತ್ತರೂ ಚಿತ್ರಕ್ಕೆ ಕುಂದು ತಪ್ಪಿದ್ದಲ್ಲ. ಇದಲ್ಲದೆ, ಹೆಚ್ಚು ನಿಮಿಷಗಳ ಚಿತ್ರ ಹಿಡಿಸಬೇಕೆಂದು ವೀಡಿಯೋ ಸಿ.ಡಿ.ಯಲ್ಲಿ ದೋಷ ತಿದ್ದುವ ಸಂಕೇತಗಳ ಒಂದು ಭಾಗವನ್ನೇ ಕೈಬಿಡಲಾಗಿದೆ. ಗೀರು ಬಿದ್ದ ಸಾಮಾನ್ಯ ಸಿ.ಡಿ.ಯ ಕಡತ ಓದಲು ಬಂದರೂ ಅಷ್ಟೇ ಗೀರು ಬಿದ್ದ ವೀಡಿಯೋ ಸಿ.ಡಿ. ಮುಗ್ಗರಿಸಬಹುದಾದ ಕಾರಣ ಇದೇ. ಡಿ.ವಿ.ಡಿ.ಯಲ್ಲಿ ಚಿತ್ರದ ಪದರವು ಎರಡು ಪಾರದರ್ಶಕ ಹಾಳೆಗಳ ನಡುವೆ ಭದ್ರವಾಗಿರುತ್ತದೆ. ದೋಷ ತಿದ್ದುವ ಏರ್ಪಾಡೂ ಅದರಲ್ಲಿ ಬಲವಾಗಿದೆ.

ಪರಿವರ್ತನೆಯ ಬಗೆಗೆ ಹಬ್ಬಿರುವ ತಪ್ಪು ತಿಳಿವಳಿಕೆಗಳು ಎರಡು. ಮೊದಲನೆಯದು, ಹಳೆಯ ತಟ್ಟೆಯ ಕಡತವನ್ನು ಹಾಗೆಯೇ ಖಾಲಿ ಡಿ.ವಿ.ಡಿ.ಗೆ ನಕಲು ಮಾಡಿದರೆ ಸಾಕೆಂಬುದು. ವೀಡಿಯೋ ಸಿ.ಡಿ.ಯ ಚಿತ್ರವು ಡ್ಯಾಟ್ ಎಂಬ ಬಾಲವುಳ್ಳ ಕಡತದಲ್ಲಿರುತ್ತದೆ. ಅದನ್ನು ಹಾಗೆಯೇ ತುಂಬಿಸಿದ ಡಿ.ವಿ.ಡಿ. ಕಂಪ್ಯೂಟರಿನಲ್ಲಿ ತೆರೆದೀತು, ಟಿ.ವಿ.ಗೆ ಜೋಡಿಸಿದ ಪ್ಲೇಯರ್ ಅದನ್ನು ಡಿ.ವಿ.ಡಿ. ಚಲನಚಿತ್ರವೆಂದು ಗುರುತಿಸಲಾರದು. ಪ್ಲೇಯರಿಗೆ ಬೇಕಾದುದು ನಿರ್ದಿಷ್ಟ ಕ್ರಮದಲ್ಲಿ ಕಟ್ಟಿದ, ವಾಬ್ ಎಂಬ ಬಾಲದ ಕಡತಗಳು ಮತ್ತು ಅವುಗಳ ಸೂಚಿ. ಈ ಕಟ್ಟುವಿಕೆಯೇ ಪರಿವರ್ತನೆಯ ಅರ್ಧ ಕೆಲಸ.

ಎರಡನೆಯದು, ಡಿ.ವಿ.ಡಿ.ಗೆ ಇಳಿಸಿದೊಡನೆ ಚಿತ್ರವು ಹೆಚ್ಚು ಸ್ಪಷ್ಟವಾಗುವುದೆಂಬ ಭ್ರಮೆ. ನಮ್ಮ ದೇಶದ ಪದ್ಧತಿಯ ವೀಡಿಯೋ ಸಿ.ಡಿ.ಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಬಿಂದುಗಳಿರುತ್ತವೆ, ಪೂರ್ಣಪ್ರಮಾಣದ ಡಿ.ವಿ.ಡಿ.ಯಲ್ಲಿ 720ಕ್ಕೆ 576. ಅಂದರೆ ಹಳೆಯದರಲ್ಲಿರುವ ವಿವರ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಇಲ್ಲದ ವಿವರವನ್ನು ತಟ್ಟೆ ಬದಲಿಸಿ ತರಲಾಗದು. ಪಾವಿನಲ್ಲಿದ್ದ ಹಾಲನ್ನು ಸೇರಿಗೆ ಸುರಿದರೆ ಹಾಲು ಹೆಚ್ಚೀತೆ? ಆದರೂ, ‘ಡಿ.ವಿ.ಡಿ. ಗುಣಮಟ್ಟ’ ಮಾಡಿಕೊಡುತ್ತೇವೆಂದು ಹೇಳಿ ಹೆಚ್ಚಿನ ಹಣ ಕೇಳುವ ಅಂಗಡಿಗಳಿವೆ. ಈ ಮಾತಿಗೆ ಓದುಗರು ಮರುಳಾಗಬಾರದು.

ವಾಸ್ತವವಾಗಿ ಇಲ್ಲಿ ಚಿತ್ರವನ್ನು ಮುಟ್ಟದಿರುವುದೇ ಲೇಸು. ವೀಡಿಯೋ ಸಿ.ಡಿ.ಯ ಎಂಪೆಗ್-1 ಚಿತ್ರವನ್ನು, ಅದೇ ಅಳತೆಯಲ್ಲಿ, ಡಿ.ವಿ.ಡಿ.ಯ ನಿಯಮಾವಳಿಯೂ ಅಂಗೀಕರಿಸುತ್ತದೆ. ವ್ಯತ್ಯಾಸವಿರುವುದು ಧ್ವನಿಯಲ್ಲಿ. ವೀಡಿಯೋ ಸಿ.ಡಿ.ಯ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ದಾಖಲಿಸಿರುತ್ತಾರೆ, ಡಿ.ವಿ.ಡಿ.ಗೆ 48,000 ಬೇಕು. ಆದುದರಿಂದ ಧ್ವನಿಯನ್ನು ಮಾತ್ರ ಪರಿವರ್ತಿಸಿ, ಚಿತ್ರವನ್ನು ಇದ್ದಂತೆಯೇ ಉಳಿಸಿ, ಎರಡನ್ನೂ ಕೂಡಿಸಿದರೆ ಕೆಲಸವು ಬೇಗ ಮುಗಿಯುತ್ತದೆ, ಮೂಲದ ಗುಣವೂ ಕೆಡುವುದಿಲ್ಲ. ಚಿತ್ರವನ್ನು ಮತ್ತೊಮ್ಮೆ ಒತ್ತಿ ಸಂಕ್ಷೇಪಿಸಿದರೆ ಪ್ರತಿಸಲವೂ ಅಷ್ಟಿಷ್ಟು ಮಸುಕಾಗುವುದು ಖಂಡಿತ. ಇದರಿಂದ ಮಿತವ್ಯಯವೂ ಸಾಧ್ಯ. 4.7 ಗಿಗಾಬೈಟಿನ ಒಂದು ಸಾಮಾನ್ಯ ಡಿ.ವಿ.ಡಿ.ಯಲ್ಲಿ ಈ ರೀತಿಯ ಚಿತ್ರ ಆರು ತಾಸಿಗೂ ಮೇಲ್ಪಟ್ಟು ಹಿಡಿಸುತ್ತದೆ. ಮೂರು ತಟ್ಟೆಗಳ ಮದುವೆ, ಎರಡು ತಟ್ಟೆಗಳ ಉಪನಯನ ಎರಡೂ ಒಂದರಲ್ಲಿಯೇ ಕುಳಿತಾವು.

ಇದಕ್ಕೆ ಬೇಕಾದ ತಂತ್ರಾಂಶಗಳಿಗೆ ಹಣ ತೆರಬೇಕಾಗಿಲ್ಲ. ಧ್ವನಿಯ ಪರಿವರ್ತನೆಗೆ ಎಫ್ಎಫ್‌ಎಂಪೆಗ್, ಸೂಚಿ ಹಾಗೂ ಅಧ್ಯಾಯಗಳನ್ನು ಕಟ್ಟಲು ಡಿವಿಡಿಸ್ಟೈಲರ್ ಉಚಿತವಾಗಿ ದೊರೆಯುತ್ತವೆ. ಗೀರು ಬಿದ್ದ ತಟ್ಟೆಯ ನಕಲು ನಡುವೆ ನಿಂತರೆ, ಓದಲಾಗದ ಭಾಗವನ್ನು ಬಿಟ್ಟು ಮುಂದೆ ಸಾಗುವ ಸಾಧನಗಳೂ ಇವೆ. ಎರಡು ಗಳಿಗೆ ಚಿತ್ರ ಕದಡಿದರೂ ಉಳಿದುದು ದಕ್ಕುತ್ತದೆ. ಒಂದು ಯಂತ್ರ ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟು. ಒಮ್ಮೆ ಸೋತರೆ ನಿರಾಶರಾಗಬೇಕಾಗಿಲ್ಲ. ಬರೆದಾದ ಮೇಲೆ ಹೊಸ ತಟ್ಟೆಯನ್ನು ಬೇರೊಂದು ಪ್ಲೇಯರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡದ ಹೊರತು ಹಳೆಯದನ್ನು ಯಾರೂ ಎಸೆಯಕೂಡದು.

‘ಡಿ.ವಿ.ಡಿ.ಯ ಕಾಲವೇ ಮುಗಿಯುತ್ತ ಬಂದಿದೆ. ಈಗ ಈ ಶ್ರಮವೇಕೆ?’ ಎಂದು ತರುಣರು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಕಿಂಡಿಯೇ ಕಾಣುವುದು ಅಪರೂಪ. ಆದರೆ ಕಿಂಡಿಯುಳ್ಳ ಯಂತ್ರಗಳು ವಿರಳವಾಗುತ್ತಿರುವುದರಿಂದಲೇ ಈ ಕೆಲಸ ಇಂದು ಆಗಬೇಕಾಗಿದೆ. ಮನೆಯ ಹಿರಿಯರು ದೂರವಾಣಿಯ ಚಿಕ್ಕ ಪರದೆಯಲ್ಲಿ ಕಡತ ಹುಡುಕಲಾರರು. ತಟ್ಟೆ ಹಾಕಿ ರಿಮೋಟಿನ ಗುಂಡಿ ಒತ್ತಬಲ್ಲರು. ಬ್ಲೂ-ರೇ ಪ್ಲೇಯರುಗಳೂ ಡಿ.ವಿ.ಡಿ.ಯನ್ನು ನಡೆಸುತ್ತವೆ; ವೀಡಿಯೋ ಸಿ.ಡಿ.ಯನ್ನು ಅವೆಲ್ಲವೂ ನಡೆಸುವುದಿಲ್ಲ. ಆದುದರಿಂದ ನೋಡುವುದಕ್ಕೆ ಡಿ.ವಿ.ಡಿ., ಕಾಪಾಡುವುದಕ್ಕೆ ಮೂಲ ಕಡತದ ಎರಡು ಪ್ರತಿಗಳು, ಒಂದು ಇಲ್ಲಿಯ ಮನೆಯಲ್ಲಿ, ಮತ್ತೊಂದು ಊರಿನಲ್ಲಿ ಎಂಬ ಕ್ರಮವೇ ನಮ್ಮ ದೃಷ್ಟಿಯಲ್ಲಿ ಯುಕ್ತವಾದುದು.

ಈ ವಿಷಯದಲ್ಲಿ ನಮ್ಮ ಸಂಘ-ಸಂಸ್ಥೆಗಳ ಹೊಣೆ ದೊಡ್ಡದು. ಪ್ರತಿಯೊಂದು ಸಂಘದಲ್ಲಿಯೂ ಗಣಕವಿದ್ಯೆ ಬಲ್ಲ ತರುಣರಿದ್ದಾರೆ. ತಿಂಗಳಿಗೊಂದು ಭಾನುವಾರ, ತಟ್ಟೆ ಓದುವ ಯಂತ್ರವುಳ್ಳ ಒಂದು ಕಂಪ್ಯೂಟರನ್ನು ಸಭಾಗೃಹದಲ್ಲಿಟ್ಟು, ಸದಸ್ಯರು ತಂದ ತಟ್ಟೆಗಳನ್ನು ಖರ್ಚಿನ ಮಟ್ಟಿಗಷ್ಟೇ ಹಣ ಪಡೆದು ಪರಿವರ್ತಿಸಿಕೊಡುವುದು ಅಸಾಧ್ಯವಲ್ಲ. ಜೊತೆಗೆ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಚಿತ್ರದಲ್ಲಿರುವವರು ಯಾರು, ನಾಟಕ ಯಾವುದು, ವರ್ಷ ಯಾವುದು ಎಂಬುದನ್ನು ಬರೆದಿಡಬೇಕು. ಹೆಸರು ತಿಳಿಯದ ಮುಖವು ಮುಂದಿನ ಪೀಳಿಗೆಗೆ ಬರಿಯ ಚಿತ್ರವಾಗಿಯೇ ಉಳಿಯುತ್ತದೆ. ರಜತೋತ್ಸವ, ಸುವರ್ಣೋತ್ಸವಗಳ ಸ್ಮರಣಸಂಚಿಕೆಗೆ ವ್ಯಯಿಸುವ ಹಣದ ಅಲ್ಪಾಂಶವನ್ನು ಇದಕ್ಕೆ ಮೀಸಲಿಟ್ಟರೆ ಸಂಘದ ನಿಜವಾದ ಸ್ಮರಣೆ ಉಳಿದೀತು.

ಒಂದು ಎಚ್ಚರಿಕೆಯ ಮಾತು ಅವಶ್ಯ. ನಾವು ಹೇಳುತ್ತಿರುವುದು ನಮ್ಮ ನಮ್ಮ ಮನೆಯ, ನಮ್ಮ ನಮ್ಮ ಸಂಘದ ತಟ್ಟೆಗಳ ಮಾತು. ಮಾರಾಟಕ್ಕೆ ಬಂದ ಚಲನಚಿತ್ರ, ಯಕ್ಷಗಾನ, ನಾಟಕಗಳ ಪ್ರತಿ ತೆಗೆದು ಹಂಚುವುದಾಗಲಿ ಮಾರುವುದಾಗಲಿ 1957ರ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧವಾದುದು. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲಿರುವ ಹಕ್ಕನ್ನೂ 1994ರ ತಿದ್ದುಪಡಿ ಮಾನ್ಯ ಮಾಡಿದೆ. ಕಲೆಯನ್ನು ಉಳಿಸುವ ನೆಪದಲ್ಲಿ ಕಲಾವಿದನ ಅನ್ನಕ್ಕೆ ಸಂಚಕಾರ ತರುವುದು ಸಲ್ಲದು.

ತಾಳೆಗರಿಯ ಗ್ರಂಥ ಸವೆಯುತ್ತ ಬಂದಾಗ ನಮ್ಮ ಪೂರ್ವಿಕರು ಅದನ್ನು ಹೊಸ ಗರಿಗೆ ಪ್ರತಿಮಾಡುತ್ತಿದ್ದರು. ಹಾಗೆ ಪ್ರತಿಮಾಡಿದ ಲಿಪಿಕಾರರ ದೆಸೆಯಿಂದಲೇ ನಮ್ಮ ಪ್ರಾಚೀನ ಸಾಹಿತ್ಯ ಇಂದಿಗೂ ನಮ್ಮ ಕೈಸೇರಿದೆ. ಇಂದು ಗರಿಯ ಬದಲು ತಟ್ಟೆ, ಕಂಠದ ಬದಲು ಯಂತ್ರ. ಕರ್ತವ್ಯ ಮಾತ್ರ ಅದೇ. ಮುಂದಿನ ಮಳೆಗಾಲದ ತೇವ ಕಪಾಟನ್ನು ಹೊಗುವ ಮೊದಲು ಓದುಗರು ತಮ್ಮ ಹಳೆಯ ತಟ್ಟೆಗಳನ್ನು ಹೊರತೆಗೆದು ಪರೀಕ್ಷಿಸುವರೆಂದು ಆಶಿಸುತ್ತೇವೆ.